‘ಇಂದಿರಾಬಾಯಿ’ಯ ಕಾಲವನ್ನು ಹುಡುಕುವ ಬಗೆ: ಕರಾವಳಿಯ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ

ಪದವಿ ತರಗತಿಗಳ ಕಿರುಪ್ರಬಂಧಗಳಲ್ಲಿ ‘ಕಾದಂಬರಿಯ ಸಾಮಾಜಿಕ ಹಿನ್ನೆಲೆ’ ಎಂಬ ಅಧ್ಯಾಯ ತಪ್ಪದೆ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಕಾಣುವುದು ‘ಅಂದಿನ ಸಮಾಜದಲ್ಲಿ ಬಾಲ್ಯವಿವಾಹ ಹಾಗೂ ವಿಧವೆಯರ ಶೋಷಣೆ ವ್ಯಾಪಕವಾಗಿದ್ದವು’ ಎಂಬಂಥ ಒಂದು ವಾಕ್ಯ. ಅದಕ್ಕೆ ಆಧಾರವೇನೆಂದು ಕೇಳಿದರೆ ವಿದ್ಯಾರ್ಥಿ ಅದೇ ಕಾದಂಬರಿಯ ಒಂದು ಪ್ರಸಂಗವನ್ನು ತೋರಿಸುತ್ತಾನೆ. ಕಾದಂಬರಿಯಿಂದ ಸಮಾಜವನ್ನು ಊಹಿಸಿ, ಆ ಊಹೆಯಿಂದಲೇ ಕಾದಂಬರಿಯನ್ನು ವಿವರಿಸಿದರೆ ನಮಗೆ ಹೊಸದಾಗಿ ತಿಳಿಯುವುದು ಏನೂ ಇಲ್ಲ. ಕಾದಂಬರಿಯ ಹೊರಗಿನ ಸಾಕ್ಷ್ಯವನ್ನು ತಂದು ಅದರ ಪಕ್ಕದಲ್ಲಿಟ್ಟಾಗ ಮಾತ್ರ ಲೇಖಕ ಏನನ್ನು ಕಂಡದ್ದು ಕಂಡಂತೆ ಬರೆದ, ಏನನ್ನು ಬಯಸಿ ಬರೆದ, ಏನನ್ನು ಬಿಟ್ಟ ಎಂಬುದು ಗೋಚರಿಸುತ್ತದೆ. ಆ ಸಾಕ್ಷ್ಯವನ್ನು ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಕುಮಟಾ, ಶಿರಸಿಯಂಥ ಊರುಗಳಲ್ಲಿದ್ದುಕೊಂಡೇ ಹೇಗೆ ಸಂಗ್ರಹಿಸಬಹುದು ಎಂಬುದನ್ನು ಒಂದು ಕಾದಂಬರಿಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಬಾಲವಿಧವೆಯಾದ ಇಂದಿರೆ ತವರನ್ನು ಬಿಟ್ಟು, ಸುಧಾರಣಾವಾದಿಯಾದ ಅಮೃತರಾಯರ ಆಶ್ರಯ ಸೇರಿ, ವಿದ್ಯೆ ಕಲಿತು, ಭಾಸ್ಕರರಾಯನನ್ನು ಮದುವೆಯಾಗುವ ಕಥೆ ಅದು. ಕಥೆಯ ಲೋಕ ದಕ್ಷಿಣ ಕನ್ನಡದ್ದಾದರೂ ನಮ್ಮ ಜಿಲ್ಲೆಗೆ ಅದು ದೂರದ್ದಲ್ಲ. ಲೇಖಕರು ಹುಟ್ಟಿದ ಸಾರಸ್ವತ ಸಮಾಜದ ಗುರುಪೀಠವಾದ ಚಿತ್ರಾಪುರ ಮಠ ಇರುವುದು ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿ. ಕಾದಂಬರಿ ಎತ್ತಿದ ಪ್ರಶ್ನೆಗಳು ಇಲ್ಲಿಯ ಸಾರಸ್ವತರ ಮನೆಗಳಿಗೂ ಘಟ್ಟದ ಮೇಲಿನ ಹವ್ಯಕರ ಮನೆಗಳಿಗೂ ಸಮಾನವಾಗಿ ಸಂಬಂಧಿಸಿದ್ದವು.

ಮೊದಲು ಪ್ರಶ್ನೆಯನ್ನು ಕಿರಿದಾಗಿಸಿಕೊಳ್ಳಿ

‘ಅಂದಿನ ಸ್ತ್ರೀಯರ ಸ್ಥಿತಿಗತಿ’ ಎಂಬ ವಿಷಯವನ್ನು ಹಿಡಿದು ಹೊರಟವರು ಆರು ತಿಂಗಳಾದರೂ ದಡ ಸೇರುವುದಿಲ್ಲ. ಅದರ ಬದಲು ಪುಸ್ತಕವನ್ನು ಪೆನ್ಸಿಲ್ ಹಿಡಿದು ಓದಿ, ಹಣ, ವಯಸ್ಸು, ಉಡುಪು, ಊಟ, ಪ್ರಯಾಣ, ಕಚೇರಿ, ಶಾಲೆ ಇವುಗಳ ಪ್ರಸ್ತಾಪ ಬಂದಲ್ಲೆಲ್ಲ ಪುಟಸಂಖ್ಯೆಯನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಆ ಪಟ್ಟಿಯಿಂದಲೇ ಉತ್ತರ ಸಿಗಬಹುದಾದ ಪ್ರಶ್ನೆಗಳು ಹುಟ್ಟುತ್ತವೆ. 1899ರಲ್ಲಿ ವಿಧವೆಯೊಬ್ಬಳು ಮರುಮದುವೆಯಾದರೆ ಕಾನೂನು ಅವಳಿಗೆ ಏನನ್ನು ಕೊಡುತ್ತಿತ್ತು, ಏನನ್ನು ಕಿತ್ತುಕೊಳ್ಳುತ್ತಿತ್ತು? ಹುಡುಗಿಯೊಬ್ಬಳು ಓದಬೇಕೆಂದರೆ ಎಲ್ಲಿಗೆ ಹೋಗಬೇಕಿತ್ತು? ಇಂಥ ಒಂದೇ ಒಂದು ಪ್ರಶ್ನೆ ಸಾಕು.

ಮೊದಲನೆಯದಕ್ಕೆ ಉತ್ತರ ಕಾನೂನಿನಲ್ಲೇ ಇದೆ. ಹಿಂದೂ ವಿಧವೆಯರ ಪುನರ್ವಿವಾಹವನ್ನು ಮಾನ್ಯ ಮಾಡಿದ ಕಾಯ್ದೆ 1856ರದು. ಎಂದರೆ ಕಾದಂಬರಿ ಪ್ರಕಟವಾಗುವ ಹೊತ್ತಿಗೆ ಅದಕ್ಕೆ ನಲವತ್ತಮೂರು ವರ್ಷವಾಗಿತ್ತು. ಆದರೂ ಇಂದಿರೆಯ ಮದುವೆ ಒಂದು ಸಾಹಸವಾಗಿಯೇ ಕಾಣುತ್ತದೆ. ಕಾನೂನು ತಡೆಯದ ಸಂಗತಿಯನ್ನು ಬಹಿಷ್ಕಾರದ ಭಯ ತಡೆಯುತ್ತಿತ್ತು ಎಂಬುದು ಇದಕ್ಕೆ ಒಂದು ಕಾರಣವಾದರೆ, ಆ ಕಾಯ್ದೆಯ ಎರಡನೆಯ ಕಲಮು ಇನ್ನೊಂದು ಕಾರಣ. ಅದರ ಪ್ರಕಾರ ಮರುಮದುವೆಯಾದ ಹೆಂಗಸು ಸತ್ತ ಗಂಡನ ಆಸ್ತಿಯಲ್ಲಿ ತನಗಿದ್ದ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ಕಾಯ್ದೆಯ ಹೆಸರನ್ನಷ್ಟೇ ಬರೆದು ಮುಂದೆ ಹೋಗುವ ವಿದ್ಯಾರ್ಥಿಗೆ ಈ ಸಂಗತಿ ತಿಳಿಯುವುದೇ ಇಲ್ಲ. ಕಲಮುಗಳನ್ನು ಒಂದೊಂದಾಗಿ ಓದಬೇಕು. ಅದು ಎರಡು ಮೂರು ಪುಟಗಳ ಕೆಲಸ ಮಾತ್ರ.

ಕಾಗದಪತ್ರಗಳು ಯಾವ ಪ್ರಾಂತದಲ್ಲಿವೆ ಎಂಬುದನ್ನು ತಿಳಿದುಕೊಳ್ಳಿ

ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ಹೆಚ್ಚಾಗಿ ದಾರಿ ತಪ್ಪುವುದು ಈ ಹಂತದಲ್ಲಿ. ಒಂದು ಕಾಲಕ್ಕೆ ಕೆನರಾ ಒಂದೇ ಜಿಲ್ಲೆಯಾಗಿ ಮದರಾಸು ಪ್ರಾಂತದಲ್ಲಿತ್ತು. 1862ರಲ್ಲಿ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಭಾಗ ಮದರಾಸಿನಲ್ಲೇ ಉಳಿಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಎರಡೂ ಜಿಲ್ಲೆಗಳು ಮೈಸೂರು ರಾಜ್ಯದಲ್ಲಿ ಮತ್ತೆ ಕೂಡಿದವು. ಹೀಗಾಗಿ ಇಂದಿರೆಯ ಮಂಗಳೂರಿನ ಕಡತಗಳನ್ನು ಚೆನ್ನೈನ ಪತ್ರಾಗಾರದಲ್ಲಿಯೂ, ಅದೇ ವರ್ಷಗಳ ಕಾರವಾರದ ಕಡತಗಳನ್ನು ಮುಂಬಯಿಯ ಪತ್ರಾಗಾರದಲ್ಲಿಯೂ ಹುಡುಕಬೇಕಾಗುತ್ತದೆ. ಬೆಂಗಳೂರಿನಲ್ಲಿ ಎಲ್ಲವೂ ಸಿಗುತ್ತದೆಂದು ಹೋಗಿ ಬರಿಗೈಯಲ್ಲಿ ಬಂದವರನ್ನು ಕಂಡಿದ್ದೇನೆ.

ಆದರೆ ಪದವಿ ವಿದ್ಯಾರ್ಥಿಗಳು ಇಷ್ಟು ದೂರ ಹೋಗಬೇಕಾಗಿಲ್ಲ. ಅಚ್ಚಾದ ಮೂರು ಆಕರಗಳು ಸಾಕು. ಅವುಗಳ ಹಳೆಯ ಪ್ರತಿಗಳು ಅಂತರ್ಜಾಲದ ಗ್ರಂಥಸಂಗ್ರಹಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಒಂದು, 1883ರಲ್ಲಿ ಎರಡು ಭಾಗಗಳಲ್ಲಿ ಪ್ರಕಟವಾದ, ಕೆನರಾ (ಇಂದಿನ ಉತ್ತರ ಕನ್ನಡ) ಜಿಲ್ಲೆಗೆ ಮೀಸಲಾದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ, ಎಂದರೆ ಸರಕಾರಿ ಮಾಹಿತಿಗ್ರಂಥದ, 15ನೆಯ ಸಂಪುಟ. ಎರಡು, ದಕ್ಷಿಣ ಕನ್ನಡದ ಬಗ್ಗೆ ಸ್ಟರಾಕ್ ಎಂಬ ಬ್ರಿಟಿಷ್ ಅಧಿಕಾರಿ ಬರೆದ 1894ರ ಜಿಲ್ಲಾ ಕೈಪಿಡಿ. ಮೂರು, 1881, 1891 ಮತ್ತು 1901ರ ಜನಗಣತಿಯ ಕೋಷ್ಟಕಗಳು. ಇವೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ಇಬ್ಬರು ಜೊತೆಯಾಗಿ ಕುಳಿತು ದಿನಕ್ಕೆ ಎರಡು ಪುಟದಂತೆ ಓದಿದರೆ ಬೇಕಾದ ಭಾಗ ಒಂದೆರಡು ವಾರಗಳಲ್ಲಿ ಮುಗಿಯುತ್ತದೆ.

ಗೆಜೆಟಿಯರ್‌ನ ಜನಸಂಖ್ಯೆಯ ಅಧ್ಯಾಯದಲ್ಲಿ ಒಂದೊಂದು ಜಾತಿಯನ್ನೂ ಬೇರೆಬೇರೆಯಾಗಿ ವರ್ಣಿಸಿ, ಅವರ ಮನೆ, ಊಟ, ಮದುವೆಯ ಪದ್ಧತಿಗಳ ಜೊತೆಗೆ ವಿಧವೆಯರ ಮರುಮದುವೆಗೆ ಅವರಲ್ಲಿ ಅವಕಾಶವಿದೆಯೇ ಎಂಬುದನ್ನೂ ಹೇಳಲಾಗಿದೆ. ಇದನ್ನು ಒಂದು ಕೋಷ್ಟಕವಾಗಿ ಬರೆದುಕೊಂಡವರಿಗೆ ದೊಡ್ಡದೊಂದು ಸಂಗತಿ ತಿಳಿಯುತ್ತದೆ. ಇದೇ ಕರಾವಳಿಯಲ್ಲಿ, ಇದೇ ವರ್ಷಗಳಲ್ಲಿ, ಅನೇಕ ದುಡಿಯುವ ಸಮುದಾಯಗಳಲ್ಲಿ ಗಂಡ ಸತ್ತ ಹೆಂಗಸು ಇನ್ನೊಂದು ಸಂಸಾರ ಹೂಡುವುದಕ್ಕೆ ಅಡ್ಡಿಯಿರಲಿಲ್ಲ. ಉತ್ತರ ಕರ್ನಾಟಕದಲ್ಲಿ ‘ಉಡಿಕೆ’ ಎಂಬ ಹೆಸರಿನಲ್ಲಿ ನಡೆಯುತ್ತಿದ್ದದ್ದೂ ಇಂಥದೇ ಮದುವೆ. ಹಾಗಾದರೆ ‘ಅಂದಿನ ಸಮಾಜದಲ್ಲಿ’ ಎಂಬ ಮಾತು ಯಾರನ್ನು ಕುರಿತದ್ದು? ಇಂದಿರೆಯ ದುಃಖ ನಿಜವಾದದ್ದೇ. ಆದರೆ ಅದು ಇಡೀ ಸಮಾಜದ ನಿಯಮದಿಂದ ಹುಟ್ಟಿದ್ದಲ್ಲ, ಮೇಲ್ಜಾತಿಯ ಮನೆಗಳ ನಿಯಮದಿಂದ ಹುಟ್ಟಿದ್ದು. ನನ್ನ ಅಭಿಪ್ರಾಯದಲ್ಲಿ, ಈ ಒಂದು ಭೇದವನ್ನು ಆಧಾರಸಹಿತ ತೋರಿಸಿದ ಪ್ರಬಂಧ ನೂರು ಪುಟಗಳ ಸಾಮಾನ್ಯ ವಿವರಣೆಗಿಂತ ಬೆಲೆಯುಳ್ಳದ್ದು.

ಗೆಜೆಟಿಯರ್ ಆಡಳಿತದ ಅನುಕೂಲಕ್ಕಾಗಿ ತಯಾರಾದದ್ದು, ಒಂದು ಜಾತಿಯ ಸಾವಿರಾರು ಜನರನ್ನು ಒಂದೇ ವಾಕ್ಯದಲ್ಲಿ ‘ಸೋಮಾರಿಗಳು’ ಅಥವಾ ‘ಶಾಂತಸ್ವಭಾವದವರು’ ಎಂದುಬಿಡುವ ಬರವಣಿಗೆ ಅದರದು. ಅಂಥ ಮಾತುಗಳನ್ನು ಸತ್ಯವೆಂದು ಎತ್ತಿಕೊಳ್ಳಬಾರದು. ಜನಗಣತಿಯಲ್ಲಿ ವಯಸ್ಸಿನ ಗುಂಪುಗಳ ಪ್ರಕಾರ ವಿವಾಹಿತರು, ಅವಿವಾಹಿತರು, ವಿಧವೆಯರು ಎಂಬ ಎಣಿಕೆಯಿದೆ. ಹತ್ತು ವರ್ಷ ತುಂಬದ ವಿಧವೆಯರ ಅಂಕಣವನ್ನು ಮೊದಲ ಸಲ ಓದಿದಾಗ ತರಗತಿಯೇ ಮೌನವಾಗುತ್ತದೆ.

ಸುಧಾರಣೆಯ ಸುದ್ದಿ ಯಾವ ದಾರಿಯಿಂದ ಬಂತು ಎಂಬುದನ್ನೂ ಪ್ರಾಂತದ ಗಡಿ ಹೇಳುತ್ತದೆ. ಮುಂಬಯಿ ಪ್ರಾಂತದ ಪುಣೆಯಲ್ಲಿ ಧೋಂಡೋ ಕೇಶವ ಕರ್ವೆಯವರು ವಿಧವೆಯನ್ನು ಮದುವೆಯಾದದ್ದು 1893ರಲ್ಲಿ. ಪಂಡಿತಾ ರಮಾಬಾಯಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವೆಂಬ ಶಾಲೆಯನ್ನು ತೆರೆದದ್ದು 1889ರಲ್ಲಿ. ಆಗಬೋಟಿನಲ್ಲಿ (ಹಬೆಹಡಗಿನಲ್ಲಿ) ಮುಂಬಯಿಗೆ ಹೋಗಿಬರುತ್ತಿದ್ದ ಕಾರವಾರದವರಿಗೆ ಈ ಸುದ್ದಿಗಳು ಸ್ವಂತ ಪ್ರಾಂತದ ಸುದ್ದಿಗಳು. ಮಂಗಳೂರಿನಲ್ಲಾದರೋ ಬಾಸೆಲ್ ಮಿಶನ್ನಿನವರ ಶಾಲೆ ಮತ್ತು ಮುದ್ರಣಾಲಯ, ಬ್ರಹ್ಮಸಮಾಜದ ವಿಚಾರಗಳು ಹತ್ತಿರದ ಪ್ರೇರಣೆಗಳಾಗಿದ್ದವು. ಹಿಂದೂ ಸುಧಾರಕನೊಬ್ಬನ ಕಾದಂಬರಿ ಕ್ರೈಸ್ತ ಮಿಶನ್ನಿನ ಅಚ್ಚುಕೂಟದಲ್ಲಿ ಏಕೆ ಮುದ್ರಣವಾಯಿತು, 1903ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಕೌಚ್‌ಮನ್ ಎಂಬ ಬ್ರಿಟಿಷ್ ಅಧಿಕಾರಿಗೆ ಅದರಲ್ಲಿ ಏನು ಹಿಡಿಸಿತು ಎಂಬ ಪ್ರಶ್ನೆಗಳೂ ಒಳ್ಳೆಯ ಪ್ರಬಂಧದ ವಿಷಯಗಳೇ.

ಅನಂತರ ಮನೆಗಳಿಗೆ ಹೋಗಿ

ಕಾಗದದಲ್ಲಿ ಇಲ್ಲದ್ದು ಅಡುಗೆಮನೆಯ ನೆನಪಿನಲ್ಲಿರುತ್ತದೆ. 1899ರ ಜನ ಈಗ ಇಲ್ಲದಿದ್ದರೂ ಎಂಬತ್ತು ದಾಟಿದ ಹಿರಿಯರು ತಮ್ಮ ಬಾಲ್ಯದಲ್ಲಿ ಕಂಡ ಅಜ್ಜಿಯರ ಬದುಕು ಆ ಕಾಲಕ್ಕೆ ಹತ್ತಿರದ್ದು. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಶಿರಸಿಯ ಸಮೀಪದ ಒಂದು ಮನೆಯಲ್ಲಿ ಮೊಬೈಲನ್ನು ಮುಂದಿಟ್ಟು, ‘ಅಮ್ಮಮ್ಮ, ಆಗ ವಿಧವೆಯರಿಗೆ ಅನ್ಯಾಯ ಆಗ್ತಿತ್ತಾ?’ ಎಂದು ನೇರವಾಗಿ ಕೇಳಿದಳು. ಆ ಹಿರಿಯರು ‘ಹಾಂಗೆಲ್ಲ ಎಂತ ಇಲ್ಲ’ ಎಂದು ಎದ್ದು ಒಳಗೆ ಹೋದರು. ಎರಡನೆಯ ಸಲ ಹೋದಾಗ ಅವಳು ಎಲೆಯಡಿಕೆಯ ಕವಳದ ಬಟ್ಟಲಿನ ಪಕ್ಕದಲ್ಲಿ ಕುಳಿತು, ಹಳೆಯ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಿದ್ದರು, ನೀರು ಸೇದುವವರು ಯಾರು, ಯಾರು ಯಾರ ಕೈಯಡುಗೆಯನ್ನು ಉಣ್ಣುತ್ತಿದ್ದರು ಎಂದು ಕೇಳಿದಳು. ಆಗ ಒಂದು ಹೊತ್ತು ಮಾತ್ರ ಉಣ್ಣುತ್ತಿದ್ದ, ಕೆಂಪು ಸೀರೆಯ, ಮದುವೆ ಮನೆಯ ಹಂದರದೊಳಗೆ ಎಂದೂ ಕಾಲಿಡದ ಒಬ್ಬ ಅತ್ತೆಯ ಕಥೆ ತಾನಾಗಿ ಹೊರಬಂತು. ಪ್ರಶ್ನೆ ದಿನಚರಿಯದ್ದಾಗಿರಬೇಕು, ತೀರ್ಪಿನದ್ದಾಗಿರಬಾರದು.

ಮಾತು ಮುಗಿದ ದಿನವೇ ರಾತ್ರಿ ಅದನ್ನು ಅವರ ನುಡಿಯಲ್ಲಿಯೇ ಬರೆದಿಡಬೇಕು. ಹವಿಗನ್ನಡವನ್ನೋ ಕೊಂಕಣಿಯನ್ನೋ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿದರೆ ಅರ್ಧ ಅರ್ಥ ಹೋಗುತ್ತದೆ. ಪೆಟ್ಟಿಗೆಯಲ್ಲಿ ಹಳೆಯ ಜಾತಕ, ಜಮಾಖರ್ಚಿನ ವಹಿ, ಆಸ್ತಿ ಪಾಲಿನ ಹಿಸೆಪತ್ರಗಳಿದ್ದರೆ ಅವನ್ನು ಕೊಂಡೊಯ್ಯದೆ, ಅನುಮತಿ ಪಡೆದು, ಅಲ್ಲಿಯೇ ಹಗಲು ಬೆಳಕಿನಲ್ಲಿ ಫೋಟೊ ತೆಗೆದುಕೊಳ್ಳಬೇಕು. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಅಕ್ಷರದ ಕಾಗದಗಳನ್ನು ಓದಬಲ್ಲ ಹಿರಿಯರು ಈಗ ವಿರಳ, ಅಂಥವರು ಸಿಕ್ಕರೆ ಆ ಕೆಲಸವನ್ನು ಮೊದಲು ಮುಗಿಸಬೇಕು.

ಕೊನೆಯಲ್ಲಿ ಮತ್ತೆ ಕಾದಂಬರಿಗೆ

ಇಷ್ಟಾದ ಮೇಲೆ ಪುಸ್ತಕವನ್ನು ಎರಡನೆಯ ಸಲ ಓದಿ, ಮೊದಲ ವಹಿಯ ಒಂದೊಂದು ಪುಟಸಂಖ್ಯೆಯ ಎದುರಿಗೂ ಸಿಕ್ಕ ಸಾಕ್ಷ್ಯವನ್ನು ಬರೆಯಬೇಕು. ಕೆಲವು ಕಡೆ ಎರಡೂ ಹೊಂದುತ್ತವೆ. ಉದಾಹರಣೆಗೆ, ಲೇಖಕರು ಪೊಲೀಸ್ ಇಲಾಖೆಯಲ್ಲಿದ್ದವರಾದ್ದರಿಂದ ಲಂಚ ಮತ್ತು ಕಚೇರಿಗಳ ಚಿತ್ರಣದಲ್ಲಿ ಒಳಗಿನಿಂದ ಕಂಡವರ ಖಚಿತತೆ ಇದೆ. ಕೆಲವು ಕಡೆ ಹೊಂದುವುದಿಲ್ಲ. ಇಂದಿರೆಗೆ ಆಶ್ರಯ, ಓದು, ವರ ಎಲ್ಲವೂ ದೊರೆತವು, ಕೆಂಪು ಸೀರೆಯ ಆ ಅತ್ತೆಗೆ ಒಂದೂ ದೊರೆಯಲಿಲ್ಲ. ಪ್ರಬಂಧದ ಮುಖ್ಯ ಅಧ್ಯಾಯವನ್ನು ಈ ಹೊಂದದ ಜಾಗಗಳ ಮೇಲೆಯೇ ಬರೆಯಬೇಕು. ಬರೆದದ್ದರಲ್ಲಿ ಮನೆತನದ ಹೆಸರನ್ನು ಮರೆಮಾಡಿ, ಆ ಪುಟಗಳನ್ನು ಕಾಲೇಜಿಗೆ ಒಪ್ಪಿಸುವ ಮೊದಲು ಮಾತಾಡಿದ ಹಿರಿಯರ ಎದುರು ಕುಳಿತು ಓದಿ ಹೇಳಬೇಕು. ಬೇಡವೆಂದು ಅವರು ಹೇಳಿದ ಸಾಲನ್ನು ತೆಗೆದುಹಾಕಬೇಕು.