ಅಂಗನವಾಡಿ, ಎಲ್‌ಕೆಜಿಗೆ ಹೋಗುವ ಮಗುವಿನ ಜೊತೆ ಏನು ಕಳಿಸಬಾರದು?

ಮೊದಲು ಬಿಚ್ಚಿಡಬೇಕಾದದ್ದು ಚಿನ್ನ. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಮಗುವಿಗೆ ಸರ, ಬಳೆ, ಸೊಂಟಕ್ಕೆ ನೇವಳ ಹಾಕಿ ನೋಡುವ ಆಸೆ ಸಹಜ. ಆದರೆ ಮೂರು ವರ್ಷದ ಮಗುವಿಗೆ ಸರದ ಕೊಂಡಿ ಕಳಚಿದ್ದೂ ಗೊತ್ತಾಗುವುದಿಲ್ಲ. ಕಳೆದುಹೋಗುವುದಕ್ಕಿಂತ ದೊಡ್ಡ ಅಪಾಯ ಕುತ್ತಿಗೆಯದು: ಜಾರುಬಂಡಿಯ ಅಂಚಿಗೆ ಸಿಕ್ಕಿಕೊಂಡದ್ದು ಬಿಗಿಯುತ್ತದೆ. ತೆಳು ಸರವಾದರೆ ತುಂಡಾದೀತು, ತಾಯತ ಕಟ್ಟಿದ ನೈಲಾನ್ ದಾರ ತುಂಡಾಗುವುದಿಲ್ಲ. ತಾಯತ ಬೇಕೇ ಬೇಕೆಂದು ಅಜ್ಜಿ ಹಟ ಹಿಡಿದರೆ ಉಡಿದಾರಕ್ಕೆ ಕಟ್ಟಿ, ಅಂಗಿಯ ಒಳಗಿರಲಿ. ಕಿವಿಗೆ ತಿರುಪಿನ ಚಿಕ್ಕ ಓಲೆ ಸಾಕು. ರಿಂಗಿಗೆ, ಜುಮುಕಿಗೆ ಪಕ್ಕದ ಮಗುವಿನ ಬೆರಳು ಸಿಕ್ಕಿದರೆ ಕಿವಿ ಹರಿಯುತ್ತದೆ.

ಹೆಚ್ಚಿನವರ ಗಮನಕ್ಕೆ ಬಾರದ್ದು ಬಟನ್ ಸೆಲ್, ಅಂದರೆ ಅಂಗಿಯ ಗುಂಡಿಯಂತಿರುವ ಚಪ್ಪಟೆ ಬ್ಯಾಟರಿ. ಜಾತ್ರೆಯಲ್ಲಿ ಕೊಂಡ ಮಿನುಗುವ ಉಂಗುರ, ಲೈಟಿನ ವಾಚು, ಹಾಡುವ ಗೊಂಬೆಗಳಲ್ಲಿ ಇದಿರುತ್ತದೆ. ಸ್ಕ್ರೂ ಇಲ್ಲದ ಮುಚ್ಚಳ ಒಮ್ಮೆ ಕೆಳಗೆ ಬಿದ್ದರೂ ತೆರೆದುಕೊಳ್ಳಬಹುದು. 20 ಮಿ.ಮೀ. ಅಗಲದ ಲಿಥಿಯಂ ಸೆಲ್ ಅನ್ನನಾಳದಲ್ಲಿ ನಿಂತರೆ 2 ಗಂಟೆಯೊಳಗೆ ಒಳಗೋಡೆ ಸುಡಬಹುದು. ಸೆಲ್ ಒಡೆಯಲೇಬೇಕೆಂದಿಲ್ಲ, ಒದ್ದೆ ಜಾಗಕ್ಕೆ ತಾಗಿದಲ್ಲಿ ವಿದ್ಯುತ್ ಹರಿದು ಕ್ಷಾರ ಹುಟ್ಟುತ್ತದೆ. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸದೆ ಕೂಡಲೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಒಯ್ಯಿರಿ.

ಗೋಲಿ, ನಾಣ್ಯ, ಮಣಿ, ಅಯಸ್ಕಾಂತ, ಬಲೂನು ಇವೂ ಬೇಡ. ಅಂದಾಜು 3 ಸೆಂ.ಮೀ.ಗಿಂತ ಚಿಕ್ಕದೆಲ್ಲ ಗಂಟಲಿಗೆ ಹೋಗಬಲ್ಲದ್ದೇ. ದಾರಿಯಲ್ಲಿ ಹೆಕ್ಕಿದ ಗುಲಗಂಜಿ ಚಡ್ಡಿಯ ಕಿಸೆಯಲ್ಲಿ ಉಳಿದಿರುತ್ತದೆ, ಅಗಿದರೆ ಅದು ವಿಷ. ಆದ್ದರಿಂದ ದಿನಾ ರಾತ್ರಿ ಕಿಸೆ, ಚೀಲ ಎರಡನ್ನೂ ಪೂರ್ತಿ ಮಗುಚಿ ನೋಡಿ.

ಬುತ್ತಿಯಲ್ಲಿ ಇಡೀ ನೆಲಗಡಲೆ, ಗೇರುಬೀಜ ಹಾಕಬೇಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ರಂಬುಟಾನ್ ಬೀಜ ತೆಗೆಯದೆ ಕೊಡಬೇಡಿ.

ಜೂನ್‌ನ ಮಳೆಗೆ ಕೊಡೆ ಕೊಡುವುದು ರೂಢಿ, ಆದರೆ ಸಾಲಿನಲ್ಲಿ ನಿಂತಾಗ ಕೊಡೆಯ ಕಡ್ಡಿ ಬರುವುದು ಸರಿಯಾಗಿ ಪಕ್ಕದ ಮಗುವಿನ ಕಣ್ಣಿನ ಮಟ್ಟಕ್ಕೆ. ಮೊಣಕಾಲಿನವರೆಗಿನ ರೇನ್‌ಕೋಟೇ ಒಳ್ಳೆಯದು. ಅದಕ್ಕಿಂತ ಉದ್ದವಾದರೆ ಮೆಟ್ಟಿಲಲ್ಲಿ ಮೆಟ್ಟಿ ಬೀಳುತ್ತಾರೆ. ತಲೆಮುಸುಕಿನ ದಾರ ಎಳೆದು ತೆಗೆದುಬಿಡಿ. ಒದ್ದೆ ಕೋಟು ಇಡಲು ಒಂದು ಪ್ಲಾಸ್ಟಿಕ್ ಚೀಲ ಜೊತೆಗಿರಲಿ.

ಔಷಧದ ಬಾಟಲಿ ಚೀಲದಲ್ಲಿ ಇಡಲೇಬಾರದು, ಸಿಹಿ ಸಿರಪ್ಪನ್ನು ಮಕ್ಕಳು ಹಂಚಿಕೊಂಡು ಕುಡಿಯುತ್ತಾರೆ. ಕೊಡಲೇಬೇಕಾದರೆ ಪ್ರಮಾಣ, ಸಮಯ ಬರೆದು ಟೀಚರ್ ಕೈಗೇ ಕೊಡಿ.

ಕೇಂದ್ರ ಸರಕಾರದ 2020ರ ಶಾಲಾಚೀಲ ನೀತಿಯ ಪ್ರಕಾರ ಪೂರ್ವ ಪ್ರಾಥಮಿಕಕ್ಕೆ ಪುಸ್ತಕದ ಚೀಲವೇ ಬೇಡ. ಬುತ್ತಿ, 300 ಮಿ.ಲೀ. ನೀರು, ಒಂದು ಜೊತೆ ಬಟ್ಟೆ ಹಿಡಿಸುವ ಬಟ್ಟೆಚೀಲ ಸಾಕು.

ಮಲಗುವಾಗ ಅಪ್ಪಿಕೊಳ್ಳುವ ಗೊಂಬೆಯನ್ನು ಮಾತ್ರ ಒಮ್ಮೆಲೇ ಕಸಿದುಕೊಳ್ಳಬೇಡಿ. ಮೊದಲ ಕೆಲವು ದಿನ ಟೀಚರನ್ನು ಕೇಳಿಯೇ ಕಳಿಸಿ. ಆಮೇಲೆ ಗೇಟಿನ ತನಕ ಜೊತೆಗಿರಲಿ, ಅಲ್ಲಿಂದ ನೀವು ವಾಪಸು ತನ್ನಿ. ಮನೆಗೆ ಬಂದಾಗ ಅದು ಕಣ್ಣಿಗೆ ಕಾಣುವಲ್ಲೇ ಇರಬೇಕು.