ಜಂಕ್ಷನ್ ಮೂಲೆ ಚಾಚಿಸಿದ್ದು: ನನ್ನ ಅನುಭವ

ಒಂದು ಜಂಕ್ಷನ್‌ನ ಮೂಲೆಗಳಲ್ಲಿ ಫುಟ್‌ಪಾತ್ ಅನ್ನು ರಸ್ತೆಯೊಳಕ್ಕೆ ಚಾಚಿಸುವ ನಕ್ಷೆ ತೋರಿಸಿದ ದಿನ ಮೀಟಿಂಗ್‌ನಲ್ಲಿದ್ದ ಎಲ್ಲರ ಮಾತೂ ಒಂದೇ. "ರಸ್ತೆ ಕಿರಿದು ಮಾಡಿದ್ರೆ ಗಾಡಿ ಎಲ್ಲಾ ನಿಂತುಬಿಡ್ತವೆ. ಮೂರೇ ದಿನಕ್ಕೆ ನೀವೇ ಕಿತ್ತು ಹಾಕ್ತೀರಿ." ಆ ಜಂಕ್ಷನ್ ಹೊಸ ರೂಪಕ್ಕೆ ಬಂದು ಈಗ ಒಂದೂವರೆ ವರ್ಷ ಆಯ್ತು. ಗಾಡಿ ನಿಂತಿಲ್ಲ. ಸಿಗ್ನಲ್‌ನಲ್ಲಿ ಕಾಯುವ ಹೊತ್ತು ಮೊದಲಿಗಿಂತ ಕಡಿಮೆಯೇ ಆಗಿದೆ. ಇದೇ ಕೆಲಸ ಮಾಡುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಾನು ಶುರು ಮಾಡಿದ್ದು ಧೂಳಿನಿಂದ. ಸರ್ವೆಗೆ ಮೊದಲು ಒಂದು ವಾರ ಸುಮ್ನೆ ಮೂಲೆಯಲ್ಲಿ ನಿಂತು ನೆಲ ನೋಡಿದೆ. ಚಕ್ರ ಓಡಾಡುವ ಕಡೆ ಟಾರು ಕಪ್ಪಗೆ ಹೊಳೆಯುತ್ತದೆ. ಚಕ್ರ ಹೋಗದ ಕಡೆ ಧೂಳು, ಒಣಗಿದ ಎಲೆ, ಗಾಜಿನ ಚೂರು ಕೂತಿರುತ್ತದೆ. ನಾಲ್ಕೂ ಮೂಲೆಯಲ್ಲಿ ಆ ಧೂಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದೆ. ಗೆರೆಯಿಂದ ಫುಟ್‌ಪಾತ್‌ವರೆಗಿನ ಜಾಗ ಯಾವ ಗಾಡಿಗೂ ಬೇಕಿರಲಿಲ್ಲ. ನನ್ನ ನಕ್ಷೆಯ ಮುಕ್ಕಾಲು ಪಾಲು ಆ ಗೆರೆಯೇ.

ಇನ್ನು ಲೆಕ್ಕ. ಮೂಲೆಯ ತಿರುವಿನ ತ್ರಿಜ್ಯ ಮೊದಲು ಸುಮಾರು 10 ಮೀಟರ್ ಇತ್ತು. ಹಾಗಾಗಿ ಜನ ದಾಟುತ್ತಿದ್ದ ಜಾಗದಲ್ಲಿ ರಸ್ತೆಯ ಅಗಲ 22 ಮೀಟರ್‌ವರೆಗೆ ಹೋಗುತ್ತಿತ್ತು. ಸೆಕೆಂಡಿಗೆ 1.2 ಮೀಟರ್ ನಡೆದರೂ 18 ಸೆಕೆಂಡ್ ಬೇಕು. ವಯಸ್ಸಾದವರಿಗೆ ಇನ್ನೂ ಜಾಸ್ತಿ. ತ್ರಿಜ್ಯವನ್ನು 4 ಮೀಟರ್‌ಗೆ ಇಳಿಸಿ, ಪಾರ್ಕಿಂಗ್ ಪಟ್ಟಿಯಷ್ಟು ಅಗಲಕ್ಕೆ ಎರಡೂ ಕಡೆ ಫುಟ್‌ಪಾತ್ ಮುಂದಕ್ಕೆ ತಂದೆ. ದಾಟುವ ದೂರ 10 ಮೀಟರ್‌ಗೆ ಬಂತು. ಎಂಟೊಂಬತ್ತು ಸೆಕೆಂಡಿನ ದಾರಿ. ನಡೆಯುವವರಿಗೆ ಕೊಡಬೇಕಾದ ಹೊತ್ತು ಉಳಿಯಿತಲ್ಲ, ಅದರಲ್ಲಿ ಒಂದಷ್ಟನ್ನು ಗಾಡಿಗಳ ಹಸಿರು ದೀಪಕ್ಕೇ ಸೇರಿಸಿದೆ. ಜಾಮ್ ಆಗದಿದ್ದ ಗುಟ್ಟು ಇದೇ. ಮೀಟಿಂಗ್‌ನಲ್ಲಿ ಇದನ್ನು ಮೂರು ಸಲ ಹೇಳಿದೆ. ಯಾರೂ ನಂಬಲಿಲ್ಲ.

ಮೊದಲ ಪ್ರಯತ್ನ ಬರೀ ಪೇಂಟ್. ದಂಡ ಅಂದರೆ ದಂಡ. ಎರಡನೇ ದಿನಕ್ಕೇ ಅದರ ಮೇಲೆ ಗಾಡಿ ನಿಲ್ಲಿಸಿದ್ದರು. ಎರಡನೇ ಸಲ ರಸ್ತೆಗೆ ಅಂಟಿಸುವ ಪ್ಲಾಸ್ಟಿಕ್ ಕಂಬ ತಂದೆ. ವಾರದೊಳಗೆ ಆರೋ ಏಳೋ ಕಂಬ ನೆಲ ಕಚ್ಚಿದವು. ಎಲ್ಲಾ ಒಂದೇ ಮೂಲೆಯಲ್ಲಿ. ಕಂಬದ ಮೇಲಿನ ಟೈರ್ ಗುರುತು ನೋಡಿದ ಮೇಲೆ ಗೊತ್ತಾಯಿತು, ಅದು ಬಸ್ಸಿನ ಹಿಂದಿನ ಚಕ್ರ. ಬಸ್ಸಿನ ಮುಂಭಾಗ ದಾಟಿ ಹೋದರೂ ಹಿಂದಿನ ಚಕ್ರ ಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ ಅಲ್ವಾ. ಗೊತ್ತಿರುವ ವಿಷಯವೇ, ಆದರೆ ಆ ಮೂಲೆಯಲ್ಲಿ ಅಳೆದು ನೋಡಿರಲಿಲ್ಲ. ಒಂದು ರಾತ್ರಿ ಖಾಲಿ ಬಸ್ ತರಿಸಿ, ಮರಳು ಚೀಲ ಇಟ್ಟು, ಹತ್ತು ಹನ್ನೆರಡು ಸಲ ತಿರುಗಿಸಿದೆವು. ಆದರೂ ಚಾಚಿಸಿದ ಮೂಲೆಯನ್ನು ನಾನು ಚಿಕ್ಕದು ಮಾಡಲಿಲ್ಲ. ಬಸ್ ತಿರುಗಿ ಸೇರುವ ರಸ್ತೆಯಲ್ಲಿ ಎದುರು ಬರುವ ಗಾಡಿಗಳ ಸ್ಟಾಪ್ ಲೈನ್ ನಾಲ್ಕು ಮೀಟರ್ ಹಿಂದಕ್ಕೆ ಸರಿಸಿದೆ. ಬಸ್ ಅಗಲವಾಗಿ ತಿರುಗಲು ಅಷ್ಟು ಸಾಕಾಯಿತು. ಕಂಬಗಳಿಗೆ ಯಾವ ಅಂಟು ಕೊನೆಗೆ ಹಿಡಿಯಿತು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೆ ಎರಡು ತಿಂಗಳು ಹೋಗಿದೆ.

ಕಂಬ, ಪೇಂಟ್, ಚೀಲ ಎಲ್ಲಾ ಸೇರಿ ಒಟ್ಟು ಖರ್ಚಿನ ಇಪ್ಪತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಮೊದಲು ಕಡಿಮೆ ದುಡ್ಡಲ್ಲಿ ಇಟ್ಟು ನೋಡೋಣ ಅಂದಾಗ ಆಟದ ಸಾಮಾನು ಅಂತ ಕೆಲವರು ಮೂಗು ಮುರಿದಿದ್ದರು. 2009ರಲ್ಲಿ ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ಬ್ರಾಡ್‌ವೇ ರಸ್ತೆಗೆ ಗಾಡಿ ಬಿಡುವುದನ್ನು ನಿಲ್ಲಿಸಿದಾಗಲೂ ಅಲ್ಲಿ ಮೊದಲು ಬಂದದ್ದು ಮಡಚುವ ಕುರ್ಚಿ. ಕಲ್ಲು ಹಾಸಿದ್ದು ವರ್ಷಗಳ ನಂತರ. ಅಷ್ಟು ದೊಡ್ಡ ನಗರಕ್ಕೆ ಆಗಿದ್ದು ನಮಗೂ ಆಗುತ್ತದೆ ಅಂತ ಹಟ ಹಿಡಿದೆ.

ದುಡ್ಡು ನಿಜವಾಗಿ ಹೋಗಿದ್ದು ನೀರಿಗೆ. ಕಾಂಕ್ರೀಟ್ ಹಾಕಿದ ಮೇಲೆ ಮೊದಲ ಜೋರು ಮಳೆಗೆ ಮೊಣಕಾಲಿನ ಅರ್ಧಕ್ಕೆ ನೀರು ನಿಂತಿತು. ಹೊಸ ಮೂಲೆ ಹಳೆ ಚರಂಡಿಯ ದಾರಿಗೆ ಅಡ್ಡ ಕೂತಿತ್ತು. ಒಡೆದು ಮತ್ತೆ ಕಟ್ಟಿದೆವು. ಒಟ್ಟು ಖರ್ಚಿನ ಐದನೇ ಒಂದು ಭಾಗ ಅಲ್ಲೇ ಹೋಯಿತು. ಈಗ ಫುಟ್‌ಪಾತ್ ಅಂಚಿನ ಹಳೆ ಕಲ್ಲಿಗೂ ಹೊಸ ಮೂಲೆಗೂ ನಡುವೆ ಒಂದು ಗೇಣಿನಷ್ಟು ಕಾಲುವೆ ಬಿಟ್ಟು, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದೇನೆ. ಜಾಲರಿಯ ಸೀಳು ಸೈಕಲ್ ಹೋಗುವ ದಿಕ್ಕಿಗೆ ಅಡ್ಡಲಾಗಿರಬೇಕು. ಉದ್ದಕ್ಕೆ ಇದ್ದರೆ ಮುಂದಿನ ಚಕ್ರ ಇಳಿದು ಸವಾರ ತಲೆಕೆಳಗಾಗುತ್ತಾನೆ. ಫಿಟ್ಟರ್‌ಗಳು ಎರಡು ಸಲ ತಪ್ಪು ಕೂರಿಸಿದರು. ಎರಡು ಸಲವೂ ಬಿಚ್ಚಿಸಿದೆ.

ನನಗೆ ಇವತ್ತಿಗೂ ಮರೆಯದ ತಪ್ಪು ಇನ್ನೊಂದು. ದಾಟುವ ಜಾಗವನ್ನು 10 ಸೆಂಟಿಮೀಟರ್ ಎತ್ತರಿಸಿ ಫುಟ್‌ಪಾತ್ ಮಟ್ಟಕ್ಕೇ ತಂದಿದ್ದೆ. ವೀಲ್‌ಚೇರ್, ಮಗುವಿನ ತಳ್ಳುಗಾಡಿ ಸಲೀಸಾಗಿ ಹೋಗುತ್ತಿದ್ದವು. ಒಂದು ಬೆಳಗ್ಗೆ ಬಿಳಿ ಕೋಲು ಹಿಡಿದ ಒಬ್ಬರು ನಡೆದು ಬಂದರು. ಕೋಲಿಗೆ ಕಲ್ಲಿನ ಅಂಚು ಸಿಗಲಿಲ್ಲ. ರಸ್ತೆ ಬಂತು ಅಂತ ಗೊತ್ತಾಗದೆ ಮೂರು ಹೆಜ್ಜೆ ಮುಂದೆ ಹೋಗಿಬಿಟ್ಟರು. ಓಡಿ ಹೋಗಿ ಕೈ ಹಿಡಿದೆ. ಅದೇ ವಾರ ಕಾಲಿಗೂ ಕೋಲಿಗೂ ಗೊತ್ತಾಗುವ ಉಬ್ಬು ಚುಕ್ಕಿಯ ಟೈಲ್ ಎರಡು ಸಾಲು ಹಾಕಿಸಿದೆ. ನಕ್ಷೆಯಲ್ಲೇ ಇರಬೇಕಿತ್ತು.

ನಡುವೆ ಸೈಕಲ್ ದಾರಿಯಲ್ಲೂ ಒಂದು ಪ್ರಯೋಗ ಮಾಡಿದೆ. ಮೊದಲು ಅದು ನಿಂತ ಕಾರಿಗೂ ಓಡುವ ಕಾರಿಗೂ ನಡುವೆ ಇತ್ತು. ಯಾರೋ ಬಾಗಿಲು ತೆಗೆದರೆ ಸೈಕಲ್‌ನವರ ಕಥೆ ಮುಗಿಯಿತು. ಜಾಗ ಅದಲು ಬದಲು ಮಾಡಿದೆ. ಫುಟ್‌ಪಾತ್ ಪಕ್ಕ ಸೈಕಲ್, ಆಚೆ ಪಾರ್ಕಿಂಗ್, ನಡುವೆ ಬಾಗಿಲು ತೆಗೆಯಲು ಮುಕ್ಕಾಲು ಮೀಟರ್. ಜಂಕ್ಷನ್ ಹತ್ತಿರದ ಏಳೆಂಟು ಮೀಟರ್ ಪಾರ್ಕಿಂಗ್ ಪೂರ್ತಿ ತೆಗೆದೆ, ಇಲ್ಲದಿದ್ದರೆ ತಿರುಗುವ ಕಾರಿಗೆ ಸೈಕಲ್ ಕಾಣುವುದೇ ಇಲ್ಲ. ಜಗಳ ಜಾಸ್ತಿ ಆಗಿದ್ದು ಈ ಏಳೆಂಟು ಮೀಟರ್‌ಗೇ. ನಾನು ಒಂದಿಂಚೂ ಬಿಡಲಿಲ್ಲ.

ಮೀಟಿಂಗ್‌ನಲ್ಲಿ ಎಲ್ಲರಿಗಿಂತ ಜೋರಾಗಿ ವಿರೋಧಿಸಿದವರು ಹೋದ ತಿಂಗಳು ಫೋನ್ ಮಾಡಿದರು. ಅವರ ಕಡೆಯ ಒಂದು ಜಂಕ್ಷನ್‌ಗೆ ಎಷ್ಟು ಕೋನ್ ಬೇಕಾಗಬಹುದು ಅಂತ ಕೇಳಿದರು. ಅರವತ್ತು ಇಟ್ಟುಕೊಳ್ಳಿ ಸಾರ್, ಸೀಮೆಸುಣ್ಣ ನಾನೇ ತರ್ತೀನಿ ಅಂದೆ.