ಫಲಪುಷ್ಪ ಪ್ರದರ್ಶನದಲ್ಲಿ ಗಿಡಮೂಲಿಕೆ ತೋಟ: ಜನವರಿಗೆ ಅಕ್ಟೋಬರ್‌ನಿಂದಲೇ ತಯಾರಿ

ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ನಡೆಯುವುದು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ. ಅಲ್ಲಿನ ಸ್ಪರ್ಧೆಗೆ ಗಿಡಮೂಲಿಕೆ ತೋಟ ಇಡುವುದಾದರೆ ಜನವರಿಯೇ ವಾಸಿ. ಆಗಸ್ಟ್‌ನ ಮೋಡ, ಜಿಟಿಜಿಟಿ ಮಳೆಗೆ ಗಿಡ ಬಿಸಿಲಿಲ್ಲದೆ ಸೊರಗಿ ಉದ್ದಕ್ಕೆ ಎಳೆಯುತ್ತದೆ, ಪರಿಮಳವೂ ಇಳಿಯುತ್ತದೆ. ಹೂಕುಂಡದಲ್ಲಿ ಬಣ್ಣ ಎಷ್ಟೋ ತಪ್ಪು ಮುಚ್ಚುತ್ತದೆ. ಇಲ್ಲಿ ಎಲೆಯೇ ಎಲ್ಲ. ಎಲ್ಲ ಗಿಡವೂ ಒಂದೇ ದಿನಕ್ಕೆ ತುಂಬಿ ನಿಲ್ಲಬೇಕಾದರೆ ತೀರ್ಪಿನ ದಿನದಿಂದ ಹಿಂದಕ್ಕೆ ಎಣಿಸಿ ನೆಡಬೇಕು.

ಮಜ್ಜಿಗೆ ಹುಲ್ಲಿನ ಬುಡ ಸೀಳಿ ನೆಡುವುದು, ತುಳಸಿ ಬೀಜ ಹಾಕುವುದು 12 ವಾರ ಮೊದಲು. ದೊಡ್ಡಪತ್ರೆ ಕಡ್ಡಿ 10 ವಾರ ಮೊದಲು, ಕುಂಡಕ್ಕೆ ಮೂರು. ಆರು ಎಲೆ ಬಂದ ಕೂಡಲೇ ಕುಡಿ ಚಿವುಟಿ. ಪುದೀನ 7 ವಾರ ಮೊದಲು. 3 ವಾರ ಉಳಿದಾಗ ಬುಡದಲ್ಲಿ ಎರಡು ಇಂಚು ಬಿಟ್ಟು ಪೂರ್ತಿ ಕತ್ತರಿಸಿದರೆ ಹೊಸ ಚಿಗುರು ಒಂದೇ ಮಟ್ಟಕ್ಕೆ ಏಳುತ್ತದೆ. ಕೊತ್ತಂಬರಿ 40 ದಿನ ಮೊದಲು ಸಾಕು. ತೀರಾ ಮುಂಚೆ ಬಿತ್ತಿದರೆ ಹೂದಂಟು ಎದ್ದು ಎಲೆ ಎಳೆಎಳೆಯಾಗಿ ಸಣ್ಣದಾಗುತ್ತದೆ.

ಮಣ್ಣಿನ ಮಿಶ್ರಣ: ಕೆಂಪು ಮಣ್ಣು ಎರಡು ಪಾಲು, ಕಾಂಪೋಸ್ಟ್ ಒಂದು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು, 10 ಇಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಯೂರಿಯಾ ಬೇಡವೇ ಬೇಡ; ಗಿಡ ಹಸಿರಾಗಿ ಕಂಡರೂ ಕಾಂಡ ಮೆತ್ತಗಾಗಿ ಸಾಗಾಟದಲ್ಲೇ ಬಾಗುತ್ತದೆ.

ತುಳಸಿಯೇ ಹೆಚ್ಚು ಕೈಕೊಡುವುದು. ತೆನೆ ಕಂಡ ಕಂಡಾಗ ಚಿವುಟದಿದ್ದರೆ ಹೊಸ ಎಲೆ ಕಿರಿದಾಗುತ್ತದೆ. ಡಿಸೆಂಬರ್ ಚಳಿಗೆ ಎಲೆ ಉದುರುತ್ತದೆ, ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಪಕ್ಕ ಇಡಿ. ಎಲೆಯ ಮೇಲೆ ಮಾಸಲು ಬಿಳಿ ಚುಕ್ಕಿ, ಮಗುಚಿದರೆ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಕಲೆ ಇದ್ದರೆ ಅದು ರಸ ಹೀರುವ ತಿಗಣೆಯ ಕೆಲಸ. ಲೀಟರ್ ನೀರಿಗೆ 3 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಎಲೆಯಡಿಗೆ ಸಿಂಪಡಿಸಿ. ಕೊನೆಯ 15 ದಿನ ನಿಲ್ಲಿಸಿ, ಇಲ್ಲದಿದ್ದರೆ ತುಳಸಿಯ ಬದಲು ಬೇವಿನ ವಾಸನೆಯೇ ಮೂಗಿಗೆ ಬಡಿಯುತ್ತದೆ.

ಕೊನೆಯ 10 ದಿನ ಗಿಡಗಳನ್ನು ಅರೆನೆರಳಿಗೆ ಒಗ್ಗಿಸಿ. ಪೂರ್ಣ ಬಿಸಿಲಿನಿಂದ ನೇರ ಚಪ್ಪರದಡಿಗೆ ತಂದರೆ ಮೂರನೇ ದಿನಕ್ಕೆ ಕೆಳಗಿನ ಎಲೆ ಹಳದಿಯಾಗುತ್ತದೆ.

ಜಾಗ 6×4 ಅಡಿ ಎಂದುಕೊಳ್ಳಿ (ಆ ಸಲದ ನಿಯಮ ಓದಿಯೇ ಅಳತೆ ಖಚಿತ ಮಾಡಿಕೊಳ್ಳಿ). ಗಿಡಗಳನ್ನು ಕುಂಡದಿಂದ ಕೀಳದೆ ಅಂಚಿನವರೆಗೆ ಕೋಕೋಪೀಟ್‌ನಲ್ಲಿ ಹೂಳಿ. ಒಂದು ಬಾಡಿದರೆ ಎತ್ತಿ ಬದಲಿಸಬಹುದು. ಅದಕ್ಕಾಗಿ ನಾಲ್ಕಕ್ಕೊಂದರಂತೆ ಹೆಚ್ಚುವರಿ ಬೆಳೆಸಿರಬೇಕು. ಹಿಂದೆ ಮಜ್ಜಿಗೆ ಹುಲ್ಲು, ನಡುವೆ ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ, ಮುಂದೆ ಪುದೀನ, ಒಂದೆಲಗ. ಕೈಗೆ ತಾಕುವ ಅಂಚಿಗೆ ದವನ, ಮರುಗ ಇಟ್ಟರೆ ಸವರಿದವರಿಗೆಲ್ಲ ಘಮ ಸಿಗುತ್ತದೆ. ಲೋಳೆಸರಕ್ಕೆ ಮರಳು ಹಾಕಿ ಎತ್ತರದ ಒಣ ಮೂಲೆ ಕೊಡಿ. ಪುದೀನದ ಪಕ್ಕ ಇಟ್ಟು ಅದಕ್ಕೂ ದಿನಾ ನೀರು ಬಿದ್ದರೆ ಬುಡ ಕೊಳೆಯುತ್ತದೆ.

ಹುಲ್ಲಿನ ಒಣತುದಿಯನ್ನು ಓರೆಯಾಗಿ ಕತ್ತರಿಸಿ, ನೇರ ಕತ್ತರಿಸಿದರೆ ಕತ್ತರಿ ಗುರುತು ಎದ್ದು ಕಾಣುತ್ತದೆ. ದೊಡ್ಡಪತ್ರೆಯ ರೋಮಗಳಲ್ಲಿ ಕೂತ ಧೂಳನ್ನು ಒಣ ಪೇಂಟ್ ಬ್ರಷ್‌ನಿಂದ ತೆಗೆಯಿರಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ.

ನಾಮಫಲಕವನ್ನು ಕೊನೆಯ ರಾತ್ರಿಗೆ ಬಿಡಬೇಡಿ. ಬ್ರಾಹ್ಮಿ ಎಂದು ಒಂದೆಲಗವನ್ನೂ ಕರೆಯುತ್ತಾರೆ, ನೀರುಬ್ರಾಹ್ಮಿಯನ್ನೂ ಕರೆಯುತ್ತಾರೆ. ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ, ನೀರುಬ್ರಾಹ್ಮಿ ಬಕೋಪಾ ಮೊನಿಯೆರಿ. ಫಲಕ ಅದಲುಬದಲಾದರೆ ತೀರ್ಪುಗಾರರು ಅಲ್ಲೇ ಅಂಕ ಕಳೆಯುತ್ತಾರೆ.